ಅಡ್ಡಹೆಸರು ಕಡ್ಡಾಯ

ಪರಿಮಳಾ ಸೋಮಾರಿ ಎಂದು ನನ್ನ ಬಗ್ಗೆ ಭೀಮಾಶಂಕರ ಸರ್ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಶಹಾಪುರದ ಬಸ್ ಸ್ಟ್ಯಾಂಡ್ ಎದುರಿನ ಅವರ ಸಾಫ್ಟ್‌ವೇರ್ ಅಂಗಡಿಯಲ್ಲಿ ಕೋಡ್ ಬರೆಯುವವಳು ನಾನೊಬ್ಬಳೇ. ಯಂತ್ರ ಬರೆಯಬಹುದಾದದ್ದನ್ನು ನಾನ್ಯಾಕೆ ಬರೆಯಲಿ? ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ವಿಮೆ ಮಾಡಿಸುವ ಆ್ಯಪಿನ ಕೆಲಸ ಬಂದಾಗ, ವಿಮಾ ಕಂಪನಿ ತನ್ನ ಸರ್ವರ್ ಏನೇನು ಕೇಳುತ್ತದೆ, ಏನು ಉತ್ತರ ಕೊಡುತ್ತದೆ ಎಂಬುದನ್ನೆಲ್ಲ ಒಂದು ಫೈಲಿನಲ್ಲಿ ಬರೆದು ಕಳಿಸಿತ್ತು. ಸ್ಪೆಕ್ ಎಂದರೆ ಅದೇ. ಅದನ್ನು ಜನರೇಟರಿಗೆ, ಅಂದರೆ ಸ್ಪೆಕ್ ಓದಿ ತಾನೇ ಕೋಡ್ ಬರೆಯುವ ಪ್ರೋಗ್ರಾಮಿಗೆ, ಕೊಟ್ಟೆ. ಸರ್ವರ್ ಜೊತೆ ಮಾತಾಡುವ ಕೋಡೆಲ್ಲ ಚಹಾ ಆರುವುದರೊಳಗೆ ತಯಾರಾಯಿತು.

ಅದನ್ನು ಪರೀಕ್ಷಿಸಲು ಸರ್ ಮತ್ತು ನಾನು ಸುರಪುರದ ಹತ್ತಿರದ ದೇವಾಪುರಕ್ಕೆ ಹೋದೆವು. ಮೊದಲು ಬಂದವಳು ಗೊಲ್ಲಾಳಮ್ಮ, ಹತ್ತಿ ಬಿಡಿಸುವ ತಂಡದ ಹಿರಿಯಳು. ಹೆಸರು ಹಾಕಿದೆ. ಕೆಳಗೆ ಕೆಂಪಕ್ಷರ ಬಂತು: ಅಡ್ಡಹೆಸರು ಕಡ್ಡಾಯ. ಅಡ್ಡಹೆಸರು ಎಂದರೆ ಸರ್‌ನೇಮ್; ಅವಳಿಗೆ ಅದೇ ಇಲ್ಲ.

"ಅದಕ್ಯಾಕ ತಲಿ ಕೆಡಿಸ್ಕೋತಿ?" ಎಂದರು ಸರ್. "ಜಾತಿ ಕಾಲಂ ಐತಲ್ಲ. ಅಡ್ಡಹೆಸರು ಇಲ್ಲದವರಿಗಿ ಅದನ್ನ ಎತ್ತಿ ಇಲ್ಲಿ ಹಾಕೋ ಹಂಗ ಮಾಡು. ಸಾಲ್ಯಾಗ ಎಲ್ಲಾ ಹಂಗ ಮಾಡ್ತಾರ."

ಹೌದು, ಮಾಡುತ್ತಾರೆ. ಗೌಡರಿಗೆ, ದೇಸಾಯರಿಗೆ ಮನೆತನದ ಹೆಸರಿರುತ್ತದೆ. ನಮ್ಮ ಕೇರಿಯ ಮಕ್ಕಳಿಗೆ ಶಾಲೆಯ ಗುಮಾಸ್ತನೇ ಜಾತಿಯನ್ನು ಬಾಲದ ಹಾಗೆ ಅಂಟಿಸುತ್ತಾನೆ. ಬೌದ್ಧ ಧರ್ಮ ತೆಗೆದುಕೊಂಡ ವರ್ಷ ನನ್ನಪ್ಪ ಅಂಬ್ರಪ್ಪ ಮಾಸ್ತರ ಆ ಬಾಲ ಕತ್ತರಿಸಲು ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ್ದ. ಈಗ ಅವನ ಮಗಳು ಊರೂರಿನ ಹೆಣ್ಣುಮಕ್ಕಳಿಗೆ ಅದನ್ನೇ ಅಂಟಿಸಬೇಕಂತೆ.

"ನಾ ಹಾಕಂಗಿಲ್ರಿ," ಎಂದೆ.

"ನೀ ಎಲ್ಲಿ ಹಾಕ್ತಿ? ಬರಿಯೋದು ಮಷಿನ್."

"ಮಷಿನ್‌ಗೆ ಬರಿ ಅಂತ ಹೇಳಾಕಿ ನಾನಲ್ಲೇನ್ರಿ?"

"ಯಾದಗಿರ್‍ಯಾಗ ವಿಮಾ ಕಂಪನಿ ಮ್ಯಾನೇಜರ್ ಮುಂದ ಇದನ್ನ ತೋರಸೋದೈತಿ. ಅಲ್ಲಿ ಆ್ಯಪ್ ನಿಂತ್ರ, ಮರುದಿನ ನೀ ಅಂಗಡಿ ಮೆಟ್ಟಲ ಹತ್ತಬ್ಯಾಡ."

ಶಹಾಪುರದಲ್ಲಿ ಇಂಥ ಕೆಲಸ ಇನ್ನೊಂದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯೂ ಆಯಿತು. ಆದರೂ ಹಾಕಲಿಲ್ಲ.

ಯಾದಗಿರಿಯ ಸಭೆಗೆ ಗೊಲ್ಲಾಳಮ್ಮ ತನ್ನ ತಂಡವನ್ನೆಲ್ಲ ಬಸ್ಸಿನಲ್ಲಿ ಕರೆತಂದಿದ್ದಳು. ಶಾಲೆ ಬಿಟ್ಟು ಅವ್ವನ ಜೊತೆ ಹೊಲಕ್ಕೆ ಹೋಗುವ ಮಗಳೂ ಪಕ್ಕದಲ್ಲಿ ಕೂತಿದ್ದಳು. ಕಂಪನಿಯ ಮ್ಯಾನೇಜರ್ ತಾನೇ ಗೊಲ್ಲಾಳಮ್ಮನ ಹೆಸರು ಟೈಪ್ ಮಾಡಿದ. ಮತ್ತೆ ಅದೇ ಕೆಂಪಕ್ಷರ. ಸರ್ ನನ್ನನ್ನು ನುಂಗುವ ಹಾಗೆ ನೋಡಿದರು.

"ಅಡ್ಡಹೆಸರು ಇಲ್ಲಂದ್ರ ಜಾತಿ ಹೇಳಮ್ಮ, ಅದನ್ನ ಹಾಕ್ತೀನಿ," ಎಂದ ಮ್ಯಾನೇಜರ್. "ಏನೂ ಹಾಕಲಿಲ್ಲಂದ್ರ ವಿಮಾ ಆಗಂಗಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಗೊಲ್ಲಾಳಮ್ಮ ಎದ್ದು ನಿಂತಳು.

"ನನ್ನ ಮಗಳಿಗಿ ಸಾಲ್ಯಾಗ ಜಾತಿ ಹಚ್ಚೇ ಹಾಜರಿ ಕೂಗ್ತಿದ್ರು. ಹುಡುಗರು ನಗ್ತಿದ್ರು. ಅದಕ್ಕ ಸಾಲಿನೇ ಬಿಟ್ಟಾಳ. ಬದುಕಿದ್ದಾಗ ಹಂಗ ಕರದ್ರಿ, ಸತ್ತ ಮ್ಯಾಲ ರೊಕ್ಕ ಕೊಡುವಾಗನೂ ಹಂಗ ಕರೀತೀರೇನ್ರಿ? ನಿಮ್ಮ ವಿಮಾ ನೀವ ಇಟ್ಕೋರಿ."

ಸೆರಗು ಕೊಡವಿ ಬಾಗಿಲ ಕಡೆ ನಡೆದಳು. ತಂಡವೆಲ್ಲ ಹಿಂದೆಯೇ ಎದ್ದಿತು.

"ಇದು ಸಾಫ್ಟ್‌ವೇರ್ ಕೇಳೋದಮ್ಮ, ನಾವಲ್ಲ," ಎಂದು ಮ್ಯಾನೇಜರ್ ಗಡಿಬಿಡಿಯಲ್ಲಿ ಹೇಳಿದ.

ಆ ಮಾತಿಗೆ ನನ್ನ ತಾಳ್ಮೆ ಕೆಟ್ಟಿತು. ಲ್ಯಾಪ್‌ಟಾಪಿನಲ್ಲಿ ಅವರದೇ ಸ್ಪೆಕ್ ತೆರೆದು ಅವನ ಕಡೆ ತಿರುಗಿಸಿದೆ.

"ಇಲ್ನೋಡ್ರಿ, ಒಂದ ಸಾಲು. ಅಡ್ಡಹೆಸರು ಕಡ್ಡಾಯ ಅಂತ ಬರದವರು ನಿಮ್ಮ ಮಂದಿ. ಮಷಿನ್ ಅದನ್ನ ಓದಿ ಹಂಗ ಬರದದ. ಇದನ್ನ ತಗಸ್ರಿ, ಮುಂದಿಂದು ನಾ ನೋಡ್ಕೋತೀನಿ. ತಗಸಂಗಿಲ್ಲ ಅಂದ್ರ ಇವರ ಕೂಡ ನಾನೂ ಹೊಂಟೆ."

ಸರ್ ಹಣೆ ಹಿಡಿದುಕೊಂಡರು. ಮ್ಯಾನೇಜರ್ ಬಾಗಿಲಲ್ಲಿ ನಿಂತ ಹೆಂಗಸರನ್ನು ನೋಡಿದ. ಅವರು ಹೋದರೆ ಸುತ್ತಲಿನ ಊರುಗಳಲ್ಲಿ ಒಂದು ವಿಮೆಯೂ ಆಗುವುದಿಲ್ಲ ಎಂದು ಅವನಿಗೂ ತಿಳಿಯಿತು. ಹೊರಗೆ ಹೋಗಿ ಫೋನ್ ಹಚ್ಚಿ, ಹೆಡ್ ಆಫೀಸಿನ ಯಾರ ಜೊತೆಗೋ ಉರ್ದುವಿನಲ್ಲಿ ಜಗಳವಾಡಿದ. ಊಟದ ಹೊತ್ತಿಗೆ ಅವರು ಸರ್ವರ್ ತಿದ್ದಿ ಹೊಸ ಸ್ಪೆಕ್ ಕಳಿಸಿದರು. ಕೂತಲ್ಲೇ ಕೋಡನ್ನು ಮತ್ತೆ ಹುಟ್ಟಿಸಿದೆ. ಹೆಂಗಸರನ್ನೆಲ್ಲ ಮತ್ತೆ ಒಳಗೆ ಕರೆದು ಕೂರಿಸಿ, ಗೊಲ್ಲಾಳಮ್ಮನ ಹೆಸರು ಹಾಕಿದೆ. ಈ ಸಲ ಕೆಂಪಕ್ಷರ ಬರಲಿಲ್ಲ.

"ಗೊಲ್ಲಾಳಮ್ಮ ಅಂತ ಅಷ್ಟ ಬರದೇನಿ ನೋಡವ್ವಾ," ಎಂದೆ. "ನಾಮಿನಿ ಯಾರು? ನಿನ್ನ ಹಿಂದ ರೊಕ್ಕ ಯಾರಿಗಿ ಸೇರಬೇಕು?"

ಅವಳು ಮಗಳ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಸಭೆಯಲ್ಲಿದ್ದವರೆಲ್ಲರಿಗೂ ಕೇಳುವ ಹಾಗೆ, ಹಾಜರಿ ಕೂಗುವವರ ದನಿಯಲ್ಲಿ ಹೇಳಿದಳು:

"ಮೌನಿಕಾ."