ಅಟ್ಟದ ಮೇಲಿನ ಬಿಳಿ ಬಟ್ಟೆ

ಕಂಬೈನಲ್ಲೂರಿನ ಸುಬ್ಬರಾಯಪ್ಪನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಸೀರೆಗೆ ಮೊದಲ ಅಚ್ಚು ಒತ್ತಿದವನು ಕೊನೆಯ ಅಚ್ಚು ಒತ್ತುವವರೆಗೂ ಹಲಗೆ ಬಿಟ್ಟು ಏಳಬಾರದು. ನಡುವೆ ಎದ್ದರೆ ಅಚ್ಚಿಗೆ ಹಚ್ಚುವ ಪಟಿಕದ ಗಂಜಿ ಅರೆಬರೆ ಒಣಗಿ ಹೂವಿಗೂ ಹೂವಿಗೂ ಮಧ್ಯೆ ಗೆರೆ ಬೀಳುತ್ತದೆ. ಸೀರೆ ಕೊಳ್ಳುವ ಸೇಲಂ ಸಾಹುಕಾರ ಅಂಥದ್ದನ್ನು ಮುಖದ ಮೇಲೆ ಎಸೆಯುತ್ತಾನೆ. ಸುಬ್ಬರಾಯಪ್ಪನಿಗೆ ಅವನಪ್ಪ ಹಾಗೆ ಕಲಿಸಿದ್ದ, ಅವನಿಗೆ ಅವನಪ್ಪ. ಮನೆಗೆ ಬೆಂಕಿ ಬಿದ್ದರೂ ಏಳಬಾರದೇನಪ್ಪಾ ಎಂದು ಕೇಳುವ ಎದೆ ಮಾತ್ರ ಆ ವಂಶದಲ್ಲಿ ಯಾರಿಗೂ ಹುಟ್ಟಲಿಲ್ಲ.

ಮುತ್ಯಾಲಮ್ಮ ಆ ಮನೆಗೆ ಎರಡನೆಯವಳಾಗಿ ಬಂದು ವರ್ಷ ಕಳೆದಿತ್ತು. ಈಗ ದಿನ ತುಂಬಿದ ಬಸುರಿ. ಸೂಲಗಿತ್ತಿ ಚೆಲ್ಲಮ್ಮ ಮೂರು ದಿನದ ಹಿಂದೆ ಹೊಟ್ಟೆ ಮುಟ್ಟಿ ನೋಡಿ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ಮಗು ಅಡ್ಡ ಬಿದ್ದಿದೆ, ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ನೋವು ಶುರುವಾಗುವ ಮೊದಲೇ ಮೊರಪ್ಪೂರಿಗೆ ಹೋಗಿ ರೈಲು ಹತ್ತಿಸಿ ಸೇಲಂ ಆಸ್ಪತ್ರೆಯ ಡಾಕ್ಟರಮ್ಮನಿಗೆ ಒಪ್ಪಿಸಿ ಎಂದು ತಮಿಳಿನಲ್ಲಿ ಎರಡೆರಡು ಸಲ ಹೇಳಿ ಹೋದಳು. ಸುಬ್ಬರಾಯಪ್ಪ ಹೂಂ ಅಂದ. ಕೈಯಲ್ಲಿರುವ ನಾಲ್ಕು ಸೀರೆ ಮುಗಿಯಲಿ ಅಂದ. ನಾಲ್ಕು ಮುಗಿಯುವ ಹೊತ್ತಿಗೆ ಇನ್ನೆರಡು ಬಂದವು. ಹೆಂಡತಿ ಬಾಯಿಬಿಟ್ಟು ಕೇಳಿದಾಗಲೆಲ್ಲ ನಾಳೆ ಅನ್ನುತ್ತಿದ್ದ. ಕೆಟ್ಟವನೇನಲ್ಲ, ಬೈಯುವವನೂ ಅಲ್ಲ. ಆದರೆ ಅವನ ನಾಳೆ ಬರುತ್ತಲೇ ಇರಲಿಲ್ಲ.

ಅವಳಿಗೆ ಜೀವಭಯ. ಮೊದಲನೆಯವಳು ಮುನಿವೆಂಕಟಮ್ಮ ಎರಡು ವರ್ಷದ ಹಿಂದೆ ಇದೇ ಮನೆಯ ಒಳಕೋಣೆಯಲ್ಲಿ ಹೆರಿಗೆಯಾಗದೆ ಸತ್ತಿದ್ದಳು. ಆ ಮಾತು ಬಂದಾಗಲೆಲ್ಲ ಅತ್ತೆ ಪೆದ್ದಮ್ಮ ಒಂದೇ ಪಾಠ ಒಪ್ಪಿಸುತ್ತಿದ್ದಳು: ನಿಮ್ಮಕ್ಕ ನೋವು ತಿನ್ನಲಿಲ್ಲ, ಕೂಗಲಿಲ್ಲ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗಿಹೋಯಿತು, ಮಗು ಹೊರಗೆ ಬರಲೇ ಇಲ್ಲ, ಯಾರೇನು ಮಾಡಲಾಗುತ್ತಿತ್ತು? ಸುಬ್ಬರಾಯಪ್ಪ ನೆಲ ನೋಡುತ್ತ ತಲೆ ಆಡಿಸುತ್ತಿದ್ದ.

ಹೊಸದಾಗಿ ಬಂದ ಎರಡು ಸೀರೆಗೆ ಒಂದು ಬಟ್ಟೆ ಕಡಿಮೆ ಬಿತ್ತು. ಸುಬ್ಬರಾಯಪ್ಪ ಅಟ್ಟ ಹತ್ತಿ, ಮೂಲೆಯಲ್ಲಿ ಮಡಿಸಿಟ್ಟಿದ್ದ ಒಂದು ಹಳೆಯ ಬಿಳಿ ಬಟ್ಟೆ ಇಳಿಸಿದ. ಧೂಳು ಕೊಡವಿ, ಬಿಸಿಲಿಗೆ ಹಿಡಿದು ಎರಡೂ ಮಗ್ಗುಲು ನೋಡಿದ. ಒಂದು ಕಲೆಯೂ ಇಲ್ಲ. ಬಣ್ಣ ಕಚ್ಚಲೆಂದು ಅಳಲೆಕಾಯಿ ನೀರಿನಲ್ಲಿ ಆಗಲೇ ಅದ್ದಿ ಒಣಗಿಸಿದ್ದು, ಒಂದು ದಿನದ ಕೆಲಸ ಉಳಿಯಿತು ಎಂದು ಖುಷಿಪಟ್ಟ. ಪಟಿಕದ ಗಂಜಿಗೆ ಬಣ್ಣವಿಲ್ಲ. ಬಟ್ಟೆಗೆ ತಾಗಿ ಒಣಗಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಕೆಂಪು ಬೇರಿನ ಹಂಡೆಯಲ್ಲಿ ಕುದಿಸಿದಾಗ ಮಾತ್ರ ಪಟಿಕ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಕೆಂಪು ಏಳುತ್ತದೆ. ಅದಕ್ಕೇ ಅಚ್ಚಿನವರು ತಮ್ಮ ಗುರುತಿಗೆಂದು ಗಂಜಿಗೆ ಚೂರು ಕಾವಿ ಬೆರೆಸುವುದು. ಇದೆಲ್ಲ ಅವನಿಗೆ ಗೊತ್ತಿಲ್ಲವೇ? ಗೊತ್ತಿದ್ದೂ, ಕಾವಿ ಕಾಣದ ಬಟ್ಟೆ ಖಾಲಿ ಬಟ್ಟೆ ಅಂದುಕೊಂಡ.

ಅಚ್ಚೊತ್ತಿ ಒಣಗಿದ ಮೇಲೆ ಮುತ್ಯಾಲಮ್ಮ ಅದನ್ನು ಹೊಳೆಗೆ ಒಯ್ದಳು. ಹರಿಯುವ ನೀರಿನಲ್ಲಿ ಬಿಟ್ಟಾಗ ಕಾವಿ ಕರಗಿ ಬಟ್ಟೆ ಮತ್ತೆ ಬೆಳ್ಳಗಾಯಿತು. ಆಗ ನೀರೊಳಗಿನ ತುದಿಯನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ಮುಳ್ಳಿಗೆ ಸಿಕ್ಕಿರಬೇಕು ಎಂದು ಬಗ್ಗಿ ನೋಡಿದಳು. ಮೊಣಕಾಲುದ್ದ ತಿಳಿನೀರು, ಕೆಳಗೆ ಬರೀ ಮರಳು. ಮತ್ತೊಮ್ಮೆ ಜಗ್ಗಿತು. ಬೆಳಗಿನಿಂದ ಒದೆಯುತ್ತಿದ್ದ ಹೊಟ್ಟೆಯೊಳಗಿನ ಕೂಸು ಥಟ್ಟನೆ ಸುಮ್ಮನಾಯಿತು. ಬಟ್ಟೆ ಹಿಂಡಿಕೊಂಡು ಮನೆಗೆ ಬರುವವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ.

ಹಂಡೆ ಕುದಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಪಡಸಾಲೆಯಲ್ಲಿ ಗಂಡ ಎರಡನೆಯ ಸೀರೆಗೆ ಕೂತಿದ್ದ. ಮುತ್ಯಾಲಮ್ಮ ಹಿತ್ತಲಿನಲ್ಲಿ ಕೋಲಿನಿಂದ ಬಟ್ಟೆ ತಿರುವುತ್ತ ನಿಂತಳು. ಮೊದಲು ಸಣ್ಣ ಹೂಗಳು ನಸುಗೆಂಪಾದವು. ಆಮೇಲೆ ಹೂಗಳ ನಡುವೆ ಇನ್ನೇನೋ ಕೆಂಪಾಗತೊಡಗಿತು. ಗಂಜಿ ಚೆಲ್ಲಿರಬೇಕು ಅಂದುಕೊಂಡು ಕೋಲಿನಿಂದ ಎತ್ತಿದಳು. ಐದು ಬೆರಳು. ಅಗಲವಾಗಿ ಬಿಚ್ಚಿ ಒತ್ತಿದ ಒಂದು ಹೆಂಗಸಿನ ಅಂಗೈ.

ಬಟ್ಟೆ ತಿರುವಿದಷ್ಟೂ ಕೈಗಳೇ. ಕೆಂಪು ಏರುತ್ತಲೇ ಹೋಯಿತು. ಮೊದಮೊದಲು ಪೂರಾ ಅಂಗೈ, ಆಮೇಲೆ ಹಿಡಿದೆಳೆದ ಬೆರಳಿನ ಗೀಟುಗಳು, ಸೆರಗಿನ ಹತ್ತಿರ ಬರೀ ಬೆರಳ ತುದಿಗಳು. ಅಲ್ಲಿಗೆ ನಿಂತುಹೋಗಿತ್ತು. ಅಯ್ಯೋ ನನ್ನವ್ವಾ ಎಂದು ಅವಳು ಕೋಲು ಕೈಬಿಟ್ಟಳು, ಗಂಡನನ್ನು ಕೂಗಿದಳು.

"ಈ ಸೀರೆ ಒಂದು ಮುಗೀಲಿ, ಬತ್ತೀನಿ," ಎಂದು ಪಡಸಾಲೆಯಿಂದ ಉತ್ತರ ಬಂತು.

ಅವನ ಬದಲು ಪೆದ್ದಮ್ಮ ಬಂದಳು. ಮುದುಕಿ ಹಂಡೆಗೆ ಬಗ್ಗಿ ನೋಡಿದಳು. ಬಟ್ಟೆಯಲ್ಲಿ ಮೂಡಿದ್ದ ಒಂದು ಕೈಯ ಮೊಂಡು ಕಿರುಬೆರಳನ್ನು ತೋರಿಸಿದಳು. ಹಿಂದೊಮ್ಮೆ ಬಣ್ಣದ ಬೇರು ಕೊಚ್ಚುವಾಗ ಮುನಿವೆಂಕಟಮ್ಮನ ಬೆರಳು ತುಂಡಾಗಿತ್ತಂತೆ. ಇನ್ನೂ ಕಾವಿ ಬೆರೆಸದ ಗಂಜಿ ಕಲಸುತ್ತಿದ್ದಾಗಲೇ ನೋವು ಬಂದು, ಪಕ್ಕದಲ್ಲಿದ್ದ ಬಟ್ಟೆಯನ್ನೇ ಹಿಡಿದುಕೊಂಡು ಒದ್ದಾಡಿದ್ದಳಂತೆ.

"ಬೆಳಗ್ಗಿಂದ ಮಧ್ಯಾನದ ಗಂಟ ಕೂಗಿದ್ಲು ಕಣವ್ವ," ಅಂದಳು ಪೆದ್ದಮ್ಮ. "ಇವ್ನು ಆಗ್ಲೂ ಇದೇ ಮಾತು ಅಂದ. ನಾನೂ ಸುಮ್ಕಿದ್ದೆ."

ಮುತ್ಯಾಲಮ್ಮನ ಹೆದರಿಕೆ ಆ ಕ್ಷಣಕ್ಕೆ ಎಲ್ಲಿ ಹೋಯಿತೋ, ಮೈಯೆಲ್ಲ ಸಿಟ್ಟಾಯಿತು. ಬಿಸಿ ಬಟ್ಟೆಯನ್ನು ಕೋಲಿನಲ್ಲೇ ಎತ್ತಿ, ನೀರು ಸುರಿಸುತ್ತ ಪಡಸಾಲೆಗೆ ನಡೆದು, ಅವನು ಅಚ್ಚೊತ್ತುತ್ತಿದ್ದ ಅರ್ಧ ಸೀರೆಯ ಮೇಲೆಯೇ ಹರಡಿಬಿಟ್ಟಳು. ಸುಬ್ಬರಾಯಪ್ಪ ಅಚ್ಚು ಹಿಡಿದೇ ಬಗ್ಗಿ ನೋಡಿದ. ಅವನ ಕಣ್ಣು ಒಂದೊಂದೇ ಕೈ ದಾಟಿ ಸೆರಗಿನವರೆಗೆ ಬಂದು ನಿಂತಿತು. ಕೊನೆಯ ಬೆರಳ ಗುರುತುಗಳ ಪಕ್ಕದಲ್ಲಿ, ಹಂಡೆಯಲ್ಲಿದ್ದಾಗ ಕಾಣದಿದ್ದ ಇನ್ನೊಂದು ಅಂಗೈ ಮೂಡಿತ್ತು. ಒಂದು ನೆಲ್ಲಿಕಾಯಿ ಮುಚ್ಚುವಷ್ಟೂ ಅಗಲವಿಲ್ಲದ ಅಂಗೈ.

"ಅವ್ವಾ, ಇದ್ಯಾರ್ದು?" ಅಂದ.

ಪೆದ್ದಮ್ಮ ಬಾಗಿಲಿಗೆ ಒರಗಿ ತಲೆ ಅಲ್ಲಾಡಿಸಿದಳು. ಹೆಣಕ್ಕೆ ನೀರು ಹಾಕಿದವಳು ತಾನೇ, ಮಗು ಒಳಗೇ ಇತ್ತು, ಒಳಗಿದ್ದ ಹಾಗೆಯೇ ಮಣ್ಣು ಮಾಡಿದ್ದು ಅಂದಳು. ಮೂವರೂ ಆ ಪುಟ್ಟ ಕೈಯನ್ನು ನೋಡುತ್ತ ನಿಂತರು. ಬಟ್ಟೆ ಆರುತ್ತಿದ್ದಂತೆ ಹೂಗಳ ಬಣ್ಣ ಮಾಸಿತು, ಅದರ ಬಣ್ಣ ಮಾತ್ರ ಗಾಢವಾಗುತ್ತಿತ್ತು.

ಸುಬ್ಬರಾಯಪ್ಪ ಅಚ್ಚು ಕೆಳಗಿಟ್ಟ. ಕೈ ತೊಳೆಯಲೂ ಇಲ್ಲ, ನೇರ ಕೊಟ್ಟಿಗೆಗೆ ಹೋಗಿ ಎತ್ತು ಬಿಚ್ಚಿದ. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಹೆಂಡತಿಯನ್ನು ಎತ್ತಿ ಕೂರಿಸಿದ. ಪೆದ್ದಮ್ಮ ಸೊಸೆಯ ಬಟ್ಟೆಬರೆಯ ಗಂಟು ಹಿಡಿದು ಪಕ್ಕದಲ್ಲಿ ಹತ್ತಿದಳು. ಸಂಜೆಯ ರೈಲು ಸಿಕ್ಕರೂ ಸಿಗಬಹುದು.

ಊರು ದಾಟಿ ಮೊರಪ್ಪೂರಿನ ರಸ್ತೆಗೆ ಬಿದ್ದ ಮೇಲೆ ಹೊಟ್ಟೆಯಲ್ಲಿ ಕೂಸು ಮಿಸುಕಿತು. ಮುತ್ಯಾಲಮ್ಮ ಅದರ ಮೇಲೆ ಕೈಯಿಟ್ಟುಕೊಂಡು, ಗಂಡನ ಬೆನ್ನು ನೋಡುತ್ತ ಕೇಳಿದಳು:

"ಅವತ್ತಿನ ಸೀರೆ ಮುಗೀತಾ?"

ಅವನು ಗಂಜಿ ಒಣಗಿದ ಕೈಯನ್ನು ಪಂಚೆಗೆ ಉಜ್ಜಿಕೊಂಡ.

"ಮುಗೀತು," ಅಂದ. "ಒಂದು ಹೂವೂ ಆ ಕಡೆ ಈ ಕಡೆ ಆಗಿರ್ನಿಲ್ಲ. ಸಾವ್ಕಾರ ಅಂಥದ್ದೇ ಇನ್ನೊಂದು ಕೇಳ್ದ."

ಆಮೇಲೆ ಎತ್ತಿನ ಬಾಲ ತಿರುಚಿ, ಅಳುತ್ತ, ಬಂಡಿ ಓಡಿಸಿದ.