ಎಚ್ ಅಂದರೆ ಬಲಕ್ಕೆ

ಸೋಮವಾರ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆ ಶುರು. ಅಷ್ಟರೊಳಗೆ ಪ್ರತಿಯೊಬ್ಬರೂ ಊರಾಚೆಯ ಮೈದಾನಕ್ಕೆ ಬಂದು ತಮ್ಮ ಕೋವಿಯ ಗುರಿ ಸರಿಯಿದೆಯೆಂದು ತೋರಿಸಬೇಕು. ಉತ್ತರ ಸ್ವೀಡನ್ನಿನ ನಮ್ಮ ಹಳ್ಳಿಯಲ್ಲಿ ಬೇಟೆ ತಂಡದ ಮುಖಂಡ ಸಿಕ್ಸ್ಟೆನ್. ಈ ವಿಷಯದಲ್ಲಿ ಅವನು ಸ್ವಂತ ಅಪ್ಪನನ್ನೂ ಬಿಟ್ಟವನಲ್ಲ. ತಂಡದ ಹಳೆಯ ಬೇಟೆಗಾರ ಟೋರೆ ಬೇಕೆಂದೇ ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಬಂದ. ಜೊತೆಗೆ ಹೆಂಡತಿ ಗುನ್ವೋರ್, ಅವಳ ಕಾಫಿ ಫ್ಲಾಸ್ಕು, ಅವಳ ಹೆಣಿಗೆ.

"ಐದು ಗುಂಡೂ ಹಲಗೆ ಮೇಲಿನ ಆ ಬಿಳಿ ತಟ್ಟೆಯೊಳಗೆ ಬೀಳ್ಬೇಕು," ಎಂದ ಸಿಕ್ಸ್ಟೆನ್. "ಇಲ್ಲದಿದ್ರೆ ಜೌಗಿನ ಹತ್ತಿರ ಮೂಸಿಗೆ ಕಾಯೋ ಕಟ್ಟೇಲಿ ಬೇರೆಯವರು ಕೂರ್ತಾರೆ. ನೀನು ನಾಯಿ ಹಿಡ್ಕೊಂಡು ಕಾಡು ಸೋಯ್ದು ಪ್ರಾಣಿ ಎಬ್ಬಿಸೋಕೆ ಹೋಗು. ಬೇಜಾರು ಮಾಡ್ಕೋಬೇಡ."

ಆ ಕಟ್ಟೆಯಲ್ಲಿ ಟೋರೆಗಿಂತ ಮುಂಚೆ ಕೂರುತ್ತಿದ್ದವನು ಅವನ ಅಪ್ಪ. ಹೋದ ವರ್ಷ ಅಲ್ಲೇ, ಕಲ್ಲು ಬೀಸಿದರೂ ತಾಗುವಷ್ಟು ಹತ್ತಿರ, ಕೊಂಬಿನ ಮೂಸೊಂದು ಬಂದು ನಿಂತಿತ್ತು. ಗುಂಡು ಅದರ ಬೆನ್ನ ಮೇಲಿಂದ ಹಾದು ಹೋಯಿತು. ತನ್ನ ಕೈ ನಡುಗತೊಡಗಿದೆ ಎಂದು ಟೋರೆ ಅಂದೇ ತೀರ್ಮಾನಿಸಿಬಿಟ್ಟ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕೊಡಲಿ ಮುಟ್ಟುವುದನ್ನು ಬಿಟ್ಟ, ನಾಲ್ಕು ಜನರೆದುರು ತುಂಬಿದ ಲೋಟ ಎತ್ತುವುದನ್ನು ಬಿಟ್ಟ. ಮಗಳು ಮಾಲಿನ್ ಹೆತ್ತು, ಮಗುವನ್ನು ಅಜ್ಜನ ಕೈಗೆ ಕೊಡಲು ಬಂದಾಗ ನೆಗಡಿ ಎಂದ. ಮಗುವಿಗೆ ಹಲ್ಲು ಬಂದರೂ ಅಜ್ಜನ ನೆಗಡಿ ಹೋಗಿರಲಿಲ್ಲ.

ಮೊದಲ ಮೂರು ಗುಂಡು ತಟ್ಟೆಯ ಎಡಕ್ಕೆ, ಮೇಲಕ್ಕೆ ಬಿದ್ದವು. ಟೋರೆ ಕೋವಿಯ ದುರ್ಬೀನಿನ ನೆತ್ತಿಯ ಮುಚ್ಚಳ ಬಿಚ್ಚಿ, ಒಳಗಿನ ತಿರುಪನ್ನು ಒಂದಿಷ್ಟು ತಿರುಗಿಸಿದ. ಮತ್ತೆ ಮೂರು ಹೊಡೆದ. ಅವು ಇನ್ನೂ ಮೇಲೆ ಹೋದವು. ಎಡದಲ್ಲಿದ್ದದ್ದು ಎಡದಲ್ಲೇ ಉಳಿಯಿತು. ಎಡಕ್ಕೆ ಹೋಗುವುದು ಕೋವಿಯ ತಪ್ಪು, ಮೇಲಕ್ಕೆ ಹೋಗುವುದು ತನ್ನ ಕೈಯ ತಪ್ಪು ಎಂಬುದು ಅವನ ಲೆಕ್ಕ. ಕೋವಿ ಕೆಳಗಿಟ್ಟ.

"ಸಾಕು ಗುನ್ವೋರ್. ಮನೆಗೆ ಹೋಗೋಣ. ನನ್ ಕೈ ಹೋಯ್ತು."

ಗುನ್ವೋರ್ ಹೆಣಿಗೆ ಕೆಳಗಿಟ್ಟು, ಬೈನಾಕ್ಯುಲರ್ ಕಣ್ಣಿಗೆ ಹಿಡಿದಳು. "ಎಲ್ಲಿಗೆ ಹೋಯ್ತು? ಮೂರು ತೂತೂ ಒಂದು ಕಾಫಿ ಕಪ್ಪಿನಡಿ ಮುಚ್ಚಿಹೋಗ್ತವೆ. ನಡುಗೋ ಕೈ ಹಾಗೆ ಹೊಡಿಯತ್ತಾ? ನಮ್ಮಮ್ಮನ ಕೈ ನಡುಗ್ತಿತ್ತು, ಅವಳು ಹೆಣೆದ ಸೊಟ್ಟಪಟ್ಟ ಕಾಲುಚೀಲ ನೀನೇ ಹಾಕ್ಕೊಂಡಿದ್ದೀಯಲ್ಲ."

ಟೋರೆ ತಿರುಪಿನ ಮುಚ್ಚಳವನ್ನು ಮತ್ತೆ ಹಾಕಲು ಹೊರಟ.

"ಅದೇನು ತಿರುಗಿಸಿದ್ದು ಈಗ?"

"ಎಚ್ ಅಂತ ಬರೆದಿದೆ ನೋಡು, ಬಾಣದ ಗುರುತಿನ ಪಕ್ಕ. ಬಲಕ್ಕೆ."

ತಪ್ಪೇನಿಲ್ಲ. ನಮ್ಮ ಸ್ವೀಡಿಷ್ ಭಾಷೆಯಲ್ಲಿ ಬಲಕ್ಕೆ ಹೊಗರ್ ಅನ್ನುತ್ತೇವೆ. ಎಚ್ ಕಂಡರೆ ಬಲಕ್ಕೆ ತಿರುಗುವುದು ನಮಗೆ ಹುಟ್ಟಿನಿಂದ ಬಂದದ್ದು. ಆದರೆ ಆ ದುರ್ಬೀನು ನಮ್ಮದಲ್ಲ. ಕೆರೆ ದಂಡೆಯ ಬೇಸಿಗೆ ಮನೆ ಮಾರಿ ಜರ್ಮನಿಗೆ ವಾಪಸು ಹೋದ ಹೊರ್ಸ್ಟ್, ಹೋಗುವಾಗ ನೆರೆಯವನಾದ ಟೋರೆಗೆಂದು ಕೊಟ್ಟದ್ದು. ಅಲ್ಲಿಯತನಕ ಟೋರೆ ದುರ್ಬೀನಿಲ್ಲದ ಕೋವಿಯಲ್ಲೇ ಹೊಡೆದವನು. ಕೇಳಿ ತಿಳಿದುಕೊಳ್ಳುವುದಂತೂ ನಮ್ಮ ಗಂಡಸರ ಜಾಯಮಾನದಲ್ಲೇ ಇಲ್ಲ.

"ಹೊರ್ಸ್ಟ್ ಬೀರಿನ ಲೋಟ ಎತ್ತಿ ಏನಂತಿದ್ದ ಮಾರಾಯ?" ಎಂದಳು ಗುನ್ವೋರ್.

"ಹೋಖ್ ಅಂತಿದ್ದ. ಹೋಖ್, ಹೋಖ್." ಮಾತಿನ ಜೊತೆಗೇ ಟೋರೆಯ ಕೈ ತಾನಾಗಿ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು.

"ಲೋಟ ಬಲಕ್ಕೆ ಹೋಗ್ತಿತ್ತಾ?"

ಟೋರೆ ತಿರುಪನ್ನು ನೋಡಿದ. ಜರ್ಮನ್ನರ ಎಚ್ ಎಂದರೆ ಹೋಖ್, ಅಂದರೆ ಮೇಲಕ್ಕೆ.

"ಹೋದ ವರ್ಷಾನೂ ಇದನ್ನ ತಿರುಗಿಸಿದ್ಯಾ?" ಗುನ್ವೋರ್ ದನಿ ತಗ್ಗಿಸಿ ಕೇಳಿದಳು.

"ಬೇಟೆಯ ಹಿಂದಿನ ದಿನ. ಸ್ವಲ್ಪ ಎಡಕ್ಕೆ ಹೋಗ್ತಿದೆ ಅಂತ, ಮನೇಲಿ ಕೂತು. ಆಮೇಲೆ ಹೊಡೆದು ನೋಡ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ದುರ್ಬೀನಿನ ಪಕ್ಕದಲ್ಲಿ ಇನ್ನೊಂದು ಮುಚ್ಚಳವಿತ್ತು. ಅವನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಈಗ ಬಿಚ್ಚಿ ಅದರೊಳಗಿನ ಎಡಬಲದ ತಿರುಪನ್ನು ಬಲಕ್ಕೆ ತಂದ, ನೆತ್ತಿಯದನ್ನು ಕೆಳಕ್ಕೆ ಇಳಿಸಿದ. ಹೊಡೆದ, ನೋಡಿದ, ಕೂದಲೆಳೆಯಷ್ಟು ಸರಿಪಡಿಸಿದ. ಆಮೇಲೆ ಸಿಕ್ಸ್ಟೆನ್‌ನನ್ನು ಕರೆದು ಅವನೆದುರೇ ಐದು ಗುಂಡು ಹೊಡೆದ.

ಸಿಕ್ಸ್ಟೆನ್ ನಡೆದು ಹೋಗಿ ಹಲಗೆ ನೋಡಿಕೊಂಡು ಬಂದ. "ಐದೂ ಒಳಗಿವೆ. ಜೌಗಿನ ಕಟ್ಟೆ ನಿಂದೇ. ಏನು ಮಾಯ ಮಾಡ್ದೆ?"

"ಭಾಷೆ ಕಲಿತ," ಎಂದಳು ಗುನ್ವೋರ್.

ಟೋರೆಗೆ ಇಬ್ಬರ ಮಾತೂ ಕೇಳಿಸಿದಂತಿರಲಿಲ್ಲ. ಎರಡೂ ಅಂಗೈ ಮುಂದೆ ಚಾಚಿ ನೋಡುತ್ತ ನಿಂತಿದ್ದ. ಅವು ಸುಮ್ಮನೆ ಇದ್ದವು. ಹೋದ ವರ್ಷವೆಲ್ಲ ಹೀಗೇ ಇದ್ದವು.

"ಮಾಲಿನ್ ಮನೆ ಕಡೆಯಿಂದ ಹೋಗೋಣ," ಎಂದ.

"ಈಗ್ಲಾ? ನಿಂಗೆ ನೆಗಡಿ ಅಲ್ವಾ?"

"ಹೋಯ್ತು."

ಗುನ್ವೋರ್ ಹೆಣಿಗೆಯನ್ನು ಚೀಲಕ್ಕೆ ತುರುಕಿದಳು. "ಹಾಗಾದ್ರೆ ಮೊದ್ಲು ಕೈ ತೊಳ್ಕೊಂಡು ಬಾ. ಕೋವಿ ಮದ್ದಿನ ವಾಸನೆ. ಮಗು ಮುಖ ಸಿಂಡರಿಸ್ಕೊಳ್ಳತ್ತೆ."

ಟೋರೆ ಮೈದಾನದ ಮೂಲೆಯ ನಲ್ಲಿಯ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡ.