ಶೀಶೆಯ ಹನಿ

"ಈ ಔಷಧಿ ಯಾರು ಕೊಟ್ಟರಮ್ಮ?"

ದಾವಣಗೆರೆಯ ಕಣ್ಣಿನ ಡಾಕ್ಟರು ಶೀಶೆಯನ್ನು ಬೆಳಕಿಗೆ ಹಿಡಿದು ಕೇಳಿದರು. ಅಂತರಘಟ್ಟಮ್ಮ ಹೆಸರು ಹೇಳಲಿಲ್ಲ. ಎಂಬತ್ತೊಂದನೇ ಇಸವಿಯಲ್ಲಿ ಊರಿಗೆಲ್ಲ ಕಣ್ಣುಬೇನೆ ಹಬ್ಬಿದಾಗ ಪಕ್ಕದ ಮನೆಯ ದುರುಗಕ್ಕ ತನ್ನ ಮಗನಿಗೆ ತಂದು ಉಳಿದಿದ್ದ ಔಷಧಿ ಅದು. ಚನ್ನಗಿರಿಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಹೊಗೆಗೆ ಉರಿಯುತ್ತಿದ್ದ ಅಂತರಘಟ್ಟಮ್ಮನ ಕಣ್ಣು ಅದರಿಂದ ತಂಪಾಯಿತು. ಆಮೇಲೆ ಎರಡು ವರ್ಷ ಅಂಗಡಿಯಿಂದ ಅದನ್ನೇ ತರಿಸಿದ್ದಾಯಿತು. ಈಗ ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ.

"ಕಣ್ಣೊಳಗೆ ಸದಾ ನೀರು ಹುಟ್ಟಿ ಹೊರಗೆ ಹರೀತಿರುತ್ತೆ" ಎಂದರು ಡಾಕ್ಟರು. "ಆ ದಾರೀಲಿ ಜರಡಿ ಥರ ಒಂದು ಜಾಲ ಇದೆ. ಈ ಔಷಧಿ ಬಹಳ ಕಾಲ ಹಾಕಿದರೆ ಕೆಲವರಿಗೆ ಅದರ ಎಳೆಗಳ ಸಂದೀಲಿ ಅಂಟಿನಂಥದ್ದು ಸೇರಿಕೊಳ್ಳುತ್ತೆ. ನೀರು ಹೋಗದೆ ಒತ್ತಡ ಏರಿ ನರ ಕೆಡುತ್ತೆ. ಹೋದ ನೋಟ ಬರಲ್ಲ. ಉಳಿದದ್ದನ್ನ ಉಳಿಸ್ಕೋಬೇಕು. ಇದನ್ನ ಬಿಟ್ಟು ಈ ಹೊಸ ಹನಿ ಹಾಕಿಸ್ಕೊಳ್ಳಿ."

ಗಂಡ ತೀರಿದ ಮೇಲೆ ಅಂತರಘಟ್ಟಮ್ಮನ ಹೊಸ್ತಿಲು ದಾಟಿ ಬರುತ್ತಿದ್ದವಳು ದುರುಗಕ್ಕ ಒಬ್ಬಳೇ. ಬರುತ್ತಿದ್ದದ್ದೂ ಸಂಜೆ ಹನಿ ಹಾಕುವುದಕ್ಕೆ. ಊರಿಗೆ ಮರಳುವ ಬಸ್ಸಿನುದ್ದಕ್ಕೂ ಅಂತರಘಟ್ಟಮ್ಮ ನಿರ್ಧರಿಸಿಕೊಂಡೇ ಬಂದಳು: ದುರುಗಕ್ಕನಿಗೆ ಔಷಧಿ ಬದಲಾಯಿತು ಅಂದರೆ ಸಾಕು, ಯಾಕೆ ಅನ್ನುವುದು ಬೇಡ.

"ಡಾಕ್ಟರು ನೋಡಾಕೆ ಚೆನ್ನಾಗಿದ್ನೇನಕ್ಕಾ? ಅದೂ ಕಾಣ್ಲಿಲ್ವಾ?" ಎನ್ನುತ್ತ ಸಂಜೆ ದುರುಗಕ್ಕ ಬಂದು ಕೂತಳು. ಅಂತರಘಟ್ಟಮ್ಮ ನಕ್ಕು ಎಂದಿನಂತೆ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹೊಸ ಹನಿ ಬಿತ್ತು. ದುರುಗಕ್ಕ ಸೆರಗಿನಿಂದ ಒರೆಸಿದಳು.

"ಹಳೇದು ಇನ್ನೂ ಅರ್ಧ ಐತಲ್ಲ, ದಂಡ ಯಾಕೆ? ನಂಗೂ ಕಣ್ಣು ಕಡೀತಾವೆ." ಅವಳು ಮುಖ ಮೇಲೆತ್ತಿ ರೆಪ್ಪೆ ಬಿಡಿಸಿ ಶೀಶೆ ಬಗ್ಗಿಸಿದಳು.

ಅಂತರಘಟ್ಟಮ್ಮ ತಟ್ಟನೆ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ ಕಣೆ ದುರುಗಿ."

"ಅದ್ಯಾಕೆ?"

"ನನ್ನ ಕಣ್ಣು ಕೆಟ್ಟಿದ್ದು ಅದ್ರಿಂದಲೇ ಅಂತೆ."

ದುರುಗಕ್ಕ ಶೀಶೆಯನ್ನೇ ನೋಡಿದಳು. "ನಾನೇ ತಂದಿದ್ದು."

"ಒಳ್ಳೇದಕ್ಕೇ ತಂದೆ. ನಿಂಗೇನು ಗೊತ್ತಿತ್ತು?"

"ದಿನಾ ನನ್ನ ಕೈಯಾರೆ ಹಾಕಿದ್ನಲ್ಲಕ್ಕಾ."

ಅವಳು ಅಂತರಘಟ್ಟಮ್ಮನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಚಾಪೆಯ ಮೇಲೆ ಮೆಲ್ಲಗಿಟ್ಟು, ಎದ್ದು ಹೋದಳು.

ಮರುದಿನ ಸಂಜೆ ಅಂತರಘಟ್ಟಮ್ಮ ಬಾಗಿಲು ತೆರೆದಿಟ್ಟು ಕಾದಳು. ಯಾರೂ ಬರಲಿಲ್ಲ. ಕೊನೆಗೆ ತಾನೇ ಅಂಗಾತ ಮಲಗಿ ರೆಪ್ಪೆ ಬಿಡಿಸಿದಳು. ಮೊದಲ ಹನಿ ಕೆನ್ನೆಗೆ ಬಿದ್ದು ಕಿವಿಯತ್ತ ಹರಿಯಿತು. ಎರಡನೆಯದು ಕಣ್ಣಿಗೆ ಬಿತ್ತು, ಉರಿಯಿತು. ಗೋಡೆಯಾಚೆ ದುರುಗಕ್ಕ ಒಲೆ ಊದುವುದು ಕೇಳುತ್ತಿತ್ತು. ಊದುವುದು ನಿಂತಿತು. ಅಂತರಘಟ್ಟಮ್ಮ ಬಾಗಿಲತ್ತ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಅಲುಗಾಡದೆ ಮಲಗಿದಳು.

ಸ್ವಲ್ಪ ಹೊತ್ತಿಗೆ ಊದುವುದು ಮತ್ತೆ ಶುರುವಾಯಿತು.